ಲೂಥರ್‌ಗೂ ಗ್ರಹಗಳ ಲೆಕ್ಕಕ್ಕೂ ಏನು ಸಂಬಂಧ? (ಪ್ರಶ್ನೋತ್ತರ)

ಪ್ರಶ್ನೆ (ಬಿಎ ಎರಡನೇ ವರ್ಷದ ವಿದ್ಯಾರ್ಥಿನಿ):
ನಮಸ್ಕಾರ ಮೇಡಂ. ನಮ್ಮ ನೋಟ್ಸ್‌ನಲ್ಲಿ "ಮತ ಸುಧಾರಣೆಯಿಂದ ಆಧುನಿಕ ವಿಜ್ಞಾನ ಬೆಳೆಯಿತು" ಅಂತ ಒಂದೇ ಸಾಲು ಇದೆ. ಹೇಗೆ ಅಂತ ಬರೆದಿಲ್ಲ. ಆ ಸುಧಾರಣೆ ಶುರುಮಾಡಿದ ಲೂಥರ್, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದ ಕೋಪರ್ನಿಕಸ್‌ನನ್ನು ಮೂರ್ಖ ಅಂದಿದ್ದನಂತೆ. ಅಂಥವನಿಂದ ವಿಜ್ಞಾನಕ್ಕೆ ಏನು ಉಪಕಾರವಾಯಿತು? ಪರೀಕ್ಷೆಗೆ ಅಂತಲ್ಲ, ನಿಜವಾಗಿ ತಿಳಿದುಕೊಳ್ಳಬೇಕು.

ಉತ್ತರ (ವಿಜ್ಞಾನದ ಚರಿತ್ರೆ ಕಲಿಸುವ ಅಧ್ಯಾಪಕಿ):
ಆ ಸಾಲು ಪೂರ್ತಿ ಸುಳ್ಳಲ್ಲ. ಆದರೆ ಲೂಥರ್ ಬಂದ, ಕತ್ತಲೆ ಹೋಯಿತು, ವಿಜ್ಞಾನ ಹುಟ್ಟಿತು ಅನ್ನುವ ಹಾಗೆ ಓದಿಕೊಂಡರೆ ತಪ್ಪಾಗುತ್ತದೆ. 1517ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಅವನು ತೆಗೆದ ತಕರಾರು ಪಾಪ ವಿಮೋಚನಾ ಪತ್ರಗಳ (ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ಚರ್ಚು ಮಾರುತ್ತಿದ್ದ ಚೀಟಿಗಳ) ವ್ಯಾಪಾರದ ಬಗ್ಗೆ. ಗ್ರಹ, ನಕ್ಷತ್ರ ಅದರಲ್ಲಿ ಬರುವುದೇ ಇಲ್ಲ.

ನೀವು ಕೇಳಿದ ಬೈಗುಳ 1539ರದ್ದು. ಊಟಕ್ಕೆ ಕೂತಾಗ ಲೂಥರ್ ಆಡಿದ ಮಾತುಗಳನ್ನು ಜೊತೆಯಲ್ಲಿದ್ದವರು ಬರೆದಿಡುತ್ತಿದ್ದರು. ಭೂಮಿ ತಿರುಗುತ್ತದೆ ಅನ್ನುವ ಹೊಸಬ ಒಬ್ಬ ಇದ್ದಾನಂತೆ ಅಂತ ಅಲ್ಲಿ ಮಾತು ಬಂತು. ಬೈಬಲ್‌ನಲ್ಲಿ ಯೆಹೋಶುವ ನಿಲ್ಲು ಅಂದದ್ದು ಸೂರ್ಯನಿಗೆ, ಭೂಮಿಗಲ್ಲ ಅಂತ ಲೂಥರ್ ಹೇಳಿದ. ಈ ಮಾತು ಎರಡು ರೂಪದಲ್ಲಿ ಸಿಗುತ್ತದೆ. "ಮೂರ್ಖ" ಅನ್ನುವ ಪದ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಕೋಪರ್ನಿಕಸ್‌ನ ಹೆಸರು ಎರಡರಲ್ಲೂ ಇಲ್ಲ.

ಅದೇ 1539ರ ಮೇ ತಿಂಗಳಲ್ಲಿ ನಡೆದದ್ದು ನೋಡಿ. ಅದೇ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಗಣಿತದ ಮೇಷ್ಟ್ರು, 25 ವರ್ಷದ ರೆಟಿಕಸ್, ಬಾಲ್ಟಿಕ್ ಕರಾವಳಿಯ ಫ್ರೌನ್‌ಬರ್ಗ್‌ಗೆ ಬಂದ. ಹುಡುಕಿಕೊಂಡು ಬಂದದ್ದು ಕೋಪರ್ನಿಕಸ್‌ನನ್ನು. ಕೋಪರ್ನಿಕಸ್‌ಗೆ ಆಗ 66. ಅವನು ಕ್ಯಾಥೊಲಿಕ್ ಕೆಥೆಡ್ರಲ್‌ನ ಅಧಿಕಾರಿ. ಲೂಥರನ ಕಡೆಯವರು ಈ ಸೀಮೆಯಲ್ಲಿ ಇರಕೂಡದು ಅಂತ ಅಲ್ಲಿನ ಬಿಷಪ್ ಆಗಷ್ಟೇ ಆಜ್ಞೆ ಹೊರಡಿಸಿದ್ದ. ಆದರೂ ಕೋಪರ್ನಿಕಸ್ ಈ ಹುಡುಗನನ್ನು ಸೇರಿಸಿಕೊಂಡ. ರೆಟಿಕಸ್ ಬರಿಗೈಲಿ ಬಂದಿರಲಿಲ್ಲ. ಚೆನ್ನಾಗಿ ಅಚ್ಚಾದ ಗಣಿತ, ಖಗೋಳದ ಪುಸ್ತಕಗಳನ್ನು ಉಡುಗೊರೆ ತಂದಿದ್ದ. ನ್ಯೂರೆಂಬರ್ಗ್‌ನ ಪೆಟ್ರಿಯಸ್ ಅಚ್ಚು ಹಾಕಿದವೂ ಅದರಲ್ಲಿದ್ದವು. "ನಿಮ್ಮ ಪುಸ್ತಕವೂ ಹೀಗೇ ಬರಬಹುದು" ಅಂತ ಬಾಯಿಬಿಟ್ಟು ಹೇಳಬೇಕೇ? ಎರಡು ವರ್ಷಕ್ಕೂ ಜಾಸ್ತಿ ಅಲ್ಲೇ ಇದ್ದ. ಮುದುಕ ವರ್ಷಗಟ್ಟಲೆ ಬಚ್ಚಿಟ್ಟಿದ್ದ ಬರಹ 1543ರಲ್ಲಿ ಪೆಟ್ರಿಯಸ್‌ನ ಅಚ್ಚುಕೂಟದಿಂದ ಹೊರಬಂತು. ಊರು ಲೂಥರನ್, ಪುಸ್ತಕದ ಅರ್ಪಣೆ ಪೋಪ್‌ಗೆ! ನನಗೆ ಈ ಭೇಟಿಯ ಕಥೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ರೆಟಿಕಸ್‌ಗೆ ಕೆಲಸ ಕೊಡಿಸಿದ್ದು ಲೂಥರನ ಬಲಗೈಯಾಗಿದ್ದ ಮೆಲಾಂಕ್ತನ್. ಉಪಕಾರ ಅಂತ ಕೇಳಿದಿರಲ್ಲ, ಅದು ಜಾಸ್ತಿ ಸಲ್ಲಬೇಕಾದ್ದು ಇವನಿಗೆ. ಪ್ರಾಟೆಸ್ಟೆಂಟ್ (ಪೋಪ್‌ನ ಚರ್ಚು ಬಿಟ್ಟು ಬಂದವರ) ಜರ್ಮನಿಯ ಶಾಲೆ, ಕಾಲೇಜುಗಳ ಪಾಠಕ್ರಮವನ್ನು ಇವನು ಹೊಸದಾಗಿ ಕಟ್ಟಿದ. ಆಕಾಶದ ಕ್ರಮದಲ್ಲಿ ದೇವರ ಕೈ ಕಾಣುತ್ತದೆ, ಹಾಗಾಗಿ ಪಾದ್ರಿ ಆಗುವವನಿಗೂ ಖಗೋಳ ಬೇಕು ಅನ್ನುವುದು ಅವನ ನಂಬಿಕೆ. ಭೂಮಿ ತಿರುಗುವುದನ್ನು ಅವನೂ ಒಪ್ಪಲಿಲ್ಲ. ಆದರೆ ಲೆಕ್ಕ ಕಲಿತ ಹುಡುಗರು ತಯಾರಾದರು. ವಿಟೆನ್‌ಬರ್ಗ್‌ನ ಇನ್ನೊಬ್ಬ ಮೇಷ್ಟ್ರು ರೈನ್‌ಹೋಲ್ಡ್ 1551ರಲ್ಲಿ ಕೋಪರ್ನಿಕಸ್‌ನ ಗಣಿತ ಹಿಡಿದೇ ಗ್ರಹಗಳ ಕೋಷ್ಟಕ ಮಾಡಿಕೊಟ್ಟ.

ಗ್ರಹಗಳ ದಾರಿಯ ಆಕಾರ ಕಂಡುಹಿಡಿದ ಕೆಪ್ಲರ್ ಬೆಳೆದದ್ದು ಇಂಥ ಶಾಲೆಗಳಲ್ಲೇ. ಪಾದ್ರಿ ಆಗಬೇಕು ಅಂತ ಟ್ಯೂಬಿಂಗನ್‌ನಲ್ಲಿ ಓದಿದ. ಗ್ರಾಟ್ಸ್‌ಗೆ ಗಣಿತ ಕಲಿಸಲು ಕಳಿಸಿದರು. ಪಾದ್ರಿ ಆಗಲಿಲ್ಲ, ಆದರೆ ಖಗೋಳದಿಂದಲೂ ದೇವರ ಸ್ತುತಿ ಆಗುತ್ತಿದೆ ನೋಡಿ ಅಂತ 1595ರಲ್ಲಿ ತನ್ನ ಗುರುವಿಗೆ ಬರೆದ. ಕ್ಯಾಥೊಲಿಕ್ ಆಗಲು ಒಪ್ಪದೆ 1600ರಲ್ಲಿ ಊರು ಬಿಡಬೇಕಾಯಿತು. ಪ್ರಾಗ್‌ಗೆ ಹೋಗಿ ಖಗೋಳ ವೀಕ್ಷಕ ಟೈಕೋ ಬ್ರಾಹೆಯ ಜೊತೆ ಸೇರಿದ. ಅಲ್ಲಿ ಮಂಗಳ ಗ್ರಹದ ಲೆಕ್ಕ ಸಿಕ್ಕಿತು. ದಾರಿ ವೃತ್ತ ಅಂತ ಹಿಡಿದರೆ, ಟೈಕೋ ನೋಡಿ ಬರೆದಿಟ್ಟ ಜಾಗಕ್ಕೂ ಲೆಕ್ಕಕ್ಕೂ ಒಂದು ಡಿಗ್ರಿಯ 60ರಲ್ಲಿ 8 ಭಾಗ ವ್ಯತ್ಯಾಸ. ಹುಣ್ಣಿಮೆ ಚಂದ್ರನ ಅಗಲದ ಹತ್ತಿರಹತ್ತಿರ ಕಾಲು ಭಾಗ, ಅಷ್ಟೇ. ಬೇರೆಯವರಾದರೆ ಇರಲಿ ಬಿಡು ಅನ್ನುತ್ತಿದ್ದರು. ಟೈಕೋನಂಥ ನೋಡುಗನನ್ನು ದೇವರೇ ಕೊಟ್ಟಿರುವಾಗ ಆ ಕೊಡುಗೆಯನ್ನು ತಳ್ಳಬಾರದು ಅಂತ ಕೆಪ್ಲರ್ ಹಟ ಹಿಡಿದ. 1609ರಲ್ಲಿ ವೃತ್ತವನ್ನೇ ಬಿಟ್ಟು ದೀರ್ಘವೃತ್ತಕ್ಕೆ ಬಂದ. ಭಕ್ತಿ ಇಲ್ಲಿ ಅಡ್ಡ ಬರಲಿಲ್ಲ, ಲೆಕ್ಕದ ಒಳಗೇ ಇತ್ತು.

ಆಮೇಲೆ ಲಿಂಟ್ಸ್‌ನಲ್ಲಿ, ತನ್ನದೇ ಲೂಥರನ್ ಚರ್ಚು ಕೊಟ್ಟ ನಂಬಿಕೆಯ ಪತ್ರಕ್ಕೆ ಸಹಿ ಹಾಕಲಿಲ್ಲ ಅಂತ ಪಾದ್ರಿ ಅವನಿಗೆ ಪ್ರಭುಭೋಜನ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ನಿರಾಕರಿಸಿದ. ಇದನ್ನೂ ನೋಟ್ಸ್‌ನಲ್ಲಿ ಬರೆದುಕೊಳ್ಳಿ.

ಇನ್ನೊಬ್ಬ ಸದಸ್ಯರು:
ಹಾಗಾದರೆ ಕ್ಯಾಥೊಲಿಕರು ವಿಜ್ಞಾನದ ವಿರೋಧಿಗಳು ಅಂತಲೇ ಅಲ್ವಾ ಮೇಡಂ? ಭೂಮಿ ತಿರುಗುತ್ತದೆ ಅಂದ ಗೆಲಿಲಿಯೋಗೆ ರೋಮ್‌ನಲ್ಲಿ ಆದದ್ದು ನೋಡಿ.

ಉತ್ತರ:
ಇಲ್ಲ ಸರ್. ಇಟಲಿಯ ಬೊಲೋನಾದ ಸಾನ್ ಪೆಟ್ರೋನಿಯೋ ಅನ್ನುವ ಕ್ಯಾಥೊಲಿಕ್ ಚರ್ಚಿನ ನೆಲದ ಮೇಲೆ 1655ರಲ್ಲಿ ಖಗೋಳಜ್ಞ ಕಸೀನಿ ಎಳೆಸಿದ ಗೆರೆ ಇವತ್ತಿಗೂ ಇದೆ. ಮೇಲಿನ ತೂತಿನಿಂದ ಬಿಸಿಲು ಬಿದ್ದು, ಸೂರ್ಯನ ಚಲನೆಯನ್ನು ಚರ್ಚಿನ ಒಳಗೇ ಅಳೆಯುತ್ತಿದ್ದರು.

ಗೆಲಿಲಿಯೋ ವಿಷಯದಲ್ಲಿ ಮತ ಸುಧಾರಣೆಯ ಕೈವಾಡ ಉಲ್ಟಾ ದಿಕ್ಕಿನದು. ಲೂಥರನವರು ಬೈಬಲ್‌ಗೆ ತಮ್ಮದೇ ಅರ್ಥ ಹೇಳತೊಡಗಿದರು ಅಂತ 1546ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಸಭೆ ಕಟ್ಟುನಿಟ್ಟು ಮಾಡಿತು. ಚರ್ಚಿನ ಪ್ರಾಚೀನ ಹಿರಿಯರು ಒಮ್ಮತದಿಂದ ಹೇಳಿದ ಅರ್ಥ ಬಿಟ್ಟು ಯಾರೂ ಹೋಗಬಾರದು. ಗೆಲಿಲಿಯೋ 1615ರಲ್ಲಿ ಬೈಬಲ್ ವಾಕ್ಯಗಳನ್ನು ಹೀಗೂ ಓದಬಹುದು ಅಂತ ಬರೆದಾಗ ಆ ಬೇಲಿಗೇ ಕಾಲಿಟ್ಟ ಹಾಗಾಯಿತು. 1616ರಲ್ಲಿ ಕೋಪರ್ನಿಕಸ್‌ನ ಪುಸ್ತಕಕ್ಕೆ ತಡೆ ಬಿತ್ತು, 1633ರಲ್ಲಿ ಗೆಲಿಲಿಯೋನ ವಿಚಾರಣೆ. ಲೂಥರ್ ಎಬ್ಬಿಸಿದ ಗಾಳಿ ಇಲ್ಲದಿದ್ದರೆ ರೋಮ್ ಇಷ್ಟು ಬಿಗಿಯಾಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಗೆಲಿಲಿಯೋನ ಕೊನೆಯ ದೊಡ್ಡ ಪುಸ್ತಕ 1638ರಲ್ಲಿ ಅಚ್ಚಾದದ್ದು ಪ್ರಾಟೆಸ್ಟೆಂಟ್ ಹಾಲೆಂಡಿನ ಲೈಡನ್‌ನಲ್ಲಿ. ಇಡೀ ಯುರೋಪಿಗೆ ಒಬ್ಬನೇ ಯಜಮಾನ ಇಲ್ಲದ್ದೇ ದೊಡ್ಡ ಉಪಕಾರ ಅಂತ ನಾನು ಹೇಳುವುದು ಇದಕ್ಕೇ. ಇಲ್ಲಿ ಬಾಗಿಲು ಹಾಕಿದರೆ ಅಲ್ಲಿ ತೆರೆದಿತ್ತು. ಪ್ರಾಟೆಸ್ಟೆಂಟರು ಸೌಮ್ಯರಾಗಿದ್ದರು ಅಂತಲ್ಲ. ರಕ್ತ ಶ್ವಾಸಕೋಶದ ಮೂಲಕ ಹಾದುಹೋಗುತ್ತದೆ ಅಂತ ಬರೆದ ಸರ್ವೆಟಸ್‌ನನ್ನು 1553ರಲ್ಲಿ ಸುಟ್ಟದ್ದು ಪ್ರಾಟೆಸ್ಟೆಂಟ್ ನಾಯಕ ಕ್ಯಾಲ್ವಿನ್ ಇದ್ದ ಜಿನೀವಾದಲ್ಲಿ. ಕಾರಣ ರಕ್ತವಲ್ಲ, ತ್ರಿಯೇಕತ್ವವನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ನಂಬಿಕೆಯನ್ನು) ಒಪ್ಪದ್ದು.

ವಿದ್ಯಾರ್ಥಿನಿ:
ತುಂಬಾ ಥ್ಯಾಂಕ್ಸ್ ಮೇಡಂ. ಕೊನೆಯದೊಂದು. ಗೆಲಿಲಿಯೋ ಸತ್ತ ವರ್ಷವೇ, 1642ರಲ್ಲಿ, ನ್ಯೂಟನ್ ಹುಟ್ಟಿದ ಅಂತ ಓದಿದ್ದೆ. ಇನ್ನೊಂದು ಕಡೆ 1643 ಅಂತಿದೆ. ಯಾವುದು ಸರಿ?

ಉತ್ತರ:
ಇದೂ ಮತ ಸುಧಾರಣೆಯದೇ ಕೆಲಸ! 1582ರಲ್ಲಿ ಪೋಪ್ ಗ್ರೆಗರಿ 10 ದಿನ ಕಿತ್ತುಹಾಕಿ ಕ್ಯಾಲೆಂಡರ್ ಸರಿಮಾಡಿದ. ಲೆಕ್ಕ ಸರಿಯೇ ಇತ್ತು. ಆದರೆ ಪೋಪ್ ಮಾಡಿದ್ದು ಅಂತ ಇಂಗ್ಲೆಂಡ್ 1752ರವರೆಗೂ ಒಪ್ಪಲಿಲ್ಲ. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಲೆಕ್ಕದಲ್ಲಿ 1642ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಇಟಲಿಯಲ್ಲಿ ಅವತ್ತು ಆಗಲೇ 1643ರ ಜನವರಿ 4. ಗೆಲಿಲಿಯೋ ತೀರಿಕೊಂಡದ್ದು ಇಟಲಿಯ ಲೆಕ್ಕದಲ್ಲಿ 1642ರ ಜನವರಿ 8. ಅದನ್ನು ಇಂಗ್ಲೆಂಡಿನ ಲೆಕ್ಕಕ್ಕೆ ತಂದರೆ 1641ರ ಡಿಸೆಂಬರ್ 29. ಯಾವ ಕ್ಯಾಲೆಂಡರ್ ಹಿಡಿದರೂ ಇಬ್ಬರೂ ಒಂದೇ ವರ್ಷಕ್ಕೆ ಬರುವುದಿಲ್ಲ.