ತಾನೇ ಹಿಗ್ಗಿ ಕುಗ್ಗೋ ಸರ್ವೀಸ್‌ಗೆ ಕಂಟ್ರೋಲ್ ಹೇಗೆ ಕಟ್ಟಿದ್ದೀರಿ?

ಪ್ರಶ್ನೆ: ಕುಬರ್ನೆಟೀಸ್ (ಹಲವು ಮೆಷಿನ್‌ಗಳಲ್ಲಿ ಸರ್ವೀಸ್‌ಗಳನ್ನ ಓಡಿಸಿ ನೋಡಿಕೊಳ್ಳೋ ವ್ಯವಸ್ಥೆ) ಮೇಲೆ ಓಡೋ ಆರ್ಡರ್ ಸರ್ವೀಸ್, ಜಾವಾದ್ದು. ಯಾವಾಗ ಪಾಡ್ (ಓಡ್ತಿರೋ ಸರ್ವೀಸ್‌ನ ಒಂದೊಂದು ಪ್ರತಿ) ಹೆಚ್ಚಿಸಬೇಕು, ಯಾವಾಗ ಯಾವ ಫೀಚರ್ ನಿಲ್ಲಿಸಬೇಕು ಅನ್ನೋದೆಲ್ಲ ಕೋಡ್ ಒಳಗೇ ಇಫ್-ಎಲ್ಸ್ ಆಗಿ ಕೂತಿದೆ. ಒಂದು ಥ್ರೆಶೋಲ್ಡ್ ಬದಲಿಸೋಕೂ ರಿಲೀಸ್ ಬೇಕು. ಈಗ ಎಚ್‌ಪಿಎ (ಲೋಡ್ ನೋಡಿ ಪಾಡ್‌ಗಳ ಸಂಖ್ಯೆಯನ್ನ ತಾನೇ ಬದಲಿಸೋ ಕುಬರ್ನೆಟೀಸ್ ಭಾಗ) ಹಾಕಿ ನೋಡಿದ್ರೆ ಪಾಡ್‌ಗಳು ಸುಮ್ಮನೆ ಏರ್ತಾ ಇಳೀತಾ ಇರುತ್ತೆ. ಮಾಡಿ ನೋಡಿದವರು ಹೇಳಿ.

ಉತ್ತರ 1: ಮೊದಲು ನಿರ್ಧಾರದ ಭಾಗ ಸರ್ವೀಸ್‌ನಿಂದ ಹೊರಗೆ ಬರಲಿ ಸಾರ್. ಐಬಿಎಂನವರ ಹಳೇ ಮೇಪ್-ಕೆ ಮಾದರಿ ಇವತ್ತಿಗೂ ಸಾಕು: ಗಮನಿಸು, ವಿಶ್ಲೇಷಿಸು, ಯೋಜಿಸು, ಜಾರಿಮಾಡು, ನಾಲ್ಕಕ್ಕೂ ಸೇರಿ ಒಂದೇ ಮಾಹಿತಿ ಸಂಗ್ರಹ. ಹಾಗಂತ ಐದು ಮೈಕ್ರೋಸರ್ವೀಸ್ ಬರೆಯೋಕೆ ಕೂರಬೇಡಿ! ನಮ್ಮದು ಒಂದೇ ಪ್ರೋಸೆಸ್, ನಿಯಮಗಳದ್ದು ಮಾತ್ರ ಬೇರೆ ಫೈಲು. ಗಿಟ್‌ನಲ್ಲಿ ರಿವ್ಯೂ ಆಗಿ ಬರುತ್ತೆ, ರಿಸ್ಟಾರ್ಟ್ ಬೇಡ. ಹೊಸ ಫೈಲ್ ಕೆಟ್ಟಿದ್ರೆ ಹಿಂದಿನದ್ದೇ ನಡೆಯುತ್ತೆ.

ಉತ್ತರ 2: ಏರಿಳಿತದ್ದು ನಾನು ಹೇಳ್ತೇನೆ. ಎಚ್‌ಪಿಎ ಲೆಕ್ಕ ಸರಳ. 4 ಪಾಡ್, ಸಿಪಿಯು ಬಳಕೆಯ ಗುರಿ 60%, ಈಗ 90% ಅಂದ್ರೆ 4×90÷60, ಆರು ಪಾಡ್. 15 ಸೆಕೆಂಡಿಗೊಮ್ಮೆ ಇದೇ ಲೆಕ್ಕ. ಹೊಸ ಎರಡು ಜಾವಾ ಪಾಡ್ ರೆಡಿ ಅಂತ ಹೇಳಿದ ಮೇಲೂ ಬಿಸಿಯಾಗುವ (ಕೋಡ್ ಪೂರ್ತಿ ವೇಗಕ್ಕೆ ಬರುವ) ತನಕ ಸಿಪಿಯು ತಿಂತಾವೆ. ಸರಾಸರಿ ಇಳಿಯುವುದಿಲ್ಲ, ಇನ್ನೂ ಬೇಕು ಅಂತದೆ. ಆ ಲೋಡು ಗಿರಾಕಿಗಳದ್ದಲ್ಲ ಮಾರಾಯ್ರೆ, ನಾವೇ ಹುಟ್ಟಿಸಿದ್ದು. ಇಳಿಸುವ ಮೊದಲು 300 ಸೆಕೆಂಡ್ ಕಾಯುವುದು ಡೀಫಾಲ್ಟ್ ಉಂಟು, ಏರಿಸುವುದಕ್ಕೆ ಸೊನ್ನೆ. ನಾವು ಏರಿಸುವುದಕ್ಕೂ 60 ಕೊಟ್ಟು, ಸಿಪಿಯು ಬಿಟ್ಟು ಕ್ಯೂನಲ್ಲಿ ಬಾಕಿ ಇರುವ ಆರ್ಡರ್‌ಗಳನ್ನು ಅಳೆದೆವು. ಕುಣಿತ ನಿಂತಿತು.

ಉತ್ತರ 3: ವಿಪಿಎನೂ (ಒಂದು ಪಾಡಿಗೆ ಎಷ್ಟು ಸಿಪಿಯು, ಮೆಮೊರಿ ಅಂತ ತಾನೇ ಹೊಂದಸೋದು) ಸಿಪಿಯು ಮ್ಯಾಲೇ ಹಚ್ಚೀರೇನ್ರಿ? ಹಚ್ಚಿದ್ರ ಒಂದನ್ನ ತಗೀರಿ. ಅದು ಪಾಡಿನ ರಿಕ್ವೆಸ್ಟ್ (ಪಾಡಿಗಂತ ಕಾಯ್ದಿಟ್ಟ ಸಿಪಿಯು) ಬದಲಸ್ತದ, ಎಚ್‌ಪಿಎ ಶೇಕಡಾ ತಗಿಯೋದು ಅದೇ ರಿಕ್ವೆಸ್ಟ್ ಮ್ಯಾಲೆ. ಇಬ್ಬರ ಜಗಳ ಮುಗಿಯಂಗಿಲ್ಲ.

ಉತ್ತರ 4: ನಿಯಮ ಫೈಲಿಗೆ ಬಂದ ಕೂಡಲೇ ನಿರಾಳ ಅಂದ್ಕೋಬೇಡಿ, ಒಂದನೇ ಉತ್ತರಕ್ಕೆ ನನ್ನ ತಕರಾರು ಇಷ್ಟೇ. ಕನಿಷ್ಠ 5 ಪಾಡ್ ಇರೋ ಕಡೆ ಯಾರೋ 2 ಅಂತ ಟೈಪ್ ಮಾಡಿದ್ರೆ ರಿವ್ಯೂನಲ್ಲಿ ಕಣ್ಣಿಗೆ ಬೀಳಲ್ಲ. ಕನಿಷ್ಠ, ಗರಿಷ್ಠ ಎರಡೂ ಫೈಲ್ ಮುಟ್ಟಲಾಗದ ಜಾಗದಲ್ಲಿರಲಿ. ಗರಿಷ್ಠವನ್ನ ಡೇಟಾಬೇಸ್ ನೋಡಿ ಇಡಿ: ಪೋಸ್ಟ್‌ಗ್ರೆಸ್ ಡೀಫಾಲ್ಟ್ 100 ಕನೆಕ್ಷನ್, ಹಿಕಾರಿ ಪೂಲ್ (ಜಾವಾ ಸರ್ವೀಸ್ ಡೇಟಾಬೇಸ್ ಕನೆಕ್ಷನ್‌ಗಳನ್ನ ತೆರೆದಿಟ್ಟುಕೊಳ್ಳೋ ಲೈಬ್ರರಿ) ಡೀಫಾಲ್ಟ್ ಪಾಡಿಗೆ 10. ಹನ್ನೊಂದನೇ ಪಾಡ್ ಬಂದಾಗ ಕನೆಕ್ಷನ್ ಸಿಗಲ್ಲ, ರೆಸ್ಪಾನ್ಸ್ ನಿಧಾನ, ಬಾಕಿ ಬೆಳೆಯುತ್ತೆ, ಲೂಪ್ (ಅಳೆದು ನಿರ್ಧರಿಸೋ ಈ ಚಕ್ರ) ಇನ್ನಷ್ಟು ಪಾಡ್ ಕೇಳುತ್ತೆ. ಹೊಸ ನಿಯಮ ಬಂದ್ರೆ ಮೊದಲ ವಾರ ಏನು ಮಾಡ್ತಿದ್ದೆ ಅಂತ ಲಾಗ್‌ನಲ್ಲಿ ಬರೆಯಲಿ ಅಷ್ಟೇ, ಕೈ ಹಾಕೋದು ಬೇಡ. ಲೂಪನ್ನೇ ನಿಲ್ಲಿಸೋ ಸ್ವಿಚ್ ಆನ್‌ಕಾಲ್‌ನಲ್ಲಿರೋರ (ತುರ್ತು ಕರೆಗೆ ಸಿದ್ಧ ಇರೋರ) ಕೈಯಲ್ಲಿರಲಿ, ಮ್ಯಾನೇಜರ್ ಅಪ್ರೂವಲ್ ಕೇಳೋ ಹಾಗೆ ಇಡಬೇಡಿ.