ಜಾತ್ರೆಗೆ ಮತ್ತೆ ‘ಸದಾರಮೆ’ ಕಟ್ಟೋದಾ, ಬಿಡೋದಾ?

ಕಂಬಳಿಕಳ್ಳ:

ನಮ್ಮದು ಗುಬ್ಬಿ ತಾಲ್ಲೂಕು. ಊರ ಹೆಸರು ಹಾಕಲ್ಲ, ಹಾಕಿದ್ರೆ ಇಲ್ಲಿರೋ ಅರ್ಧ ಜನಕ್ಕೆ ನಾನ್ಯಾರು ಅಂತ ಗೊತ್ತಾಗಿಬಿಡುತ್ತೆ. ಯುಗಾದಿ ಕಳೆದ ಮೇಲೆ ನಮ್ಮಲ್ಲಿ ಜಾತ್ರೆ. ತೇರು ಹರಿದ ರಾತ್ರಿ ನಾಟಕ ಆಗ್ಲೇಬೇಕು. ಹದಿನೈದು ವರ್ಷದಿಂದ ಅದೇ ‘ಕುರುಕ್ಷೇತ್ರ’. ದುರ್ಯೋಧನನ ಪಾರ್ಟಿಗೆ ಹರಾಜಿನ ಥರ ದುಡ್ಡು ಕೂಗ್ತಾರೆ. ಹೋದ ವರ್ಷ ಆ ಪಾರ್ಟು ಹಿಡಿದವನಿಗೆ ನೆಟ್ಟಗೆ ಮೂರು ಪದ್ಯ ಬರ್ತಿರಲಿಲ್ಲ, ಕಿರೀಟ ಮಾತ್ರ ಎಲ್ಲರಿಗಿಂತ ದೊಡ್ಡದಿತ್ತು.

ಈ ಸಲದ ಮೀಟಿಂಗಲ್ಲಿ ಬಾಯಿ ತಡೆಯದೆ ‘ಸದಾರಮೆ ಮಾಡೋಣ’ ಅಂದುಬಿಟ್ಟೆ. ಅರವತ್ತು ದಾಟಿದೋರೆಲ್ಲ ನೆಟ್ಟಗೆ ಕೂತ್ರು. ಹುಡುಗರು ‘ಅದ್ಯಾವುದಣ್ಣ, ಸೀರಿಯಲ್ಲಾ?’ ಅಂದ್ರು.

ನಮ್ಮೂರಲ್ಲಿ ಸದಾರಮೆ ಕೊನೇ ಸಲ ಆಗಿದ್ದು 1996ರಲ್ಲಿ. ನನಗೆ ಎಂಟು ವರ್ಷ. ಚಾಪೆ ಮೇಲೆ ನಿದ್ದೆ ಹೋಗಿದ್ದೆ. ಅಮ್ಮ ಪಕ್ಕೆಗೆ ತಿವಿದು ‘ಏಳೋ, ಕಳ್ಳ ಬಂದ’ ಅಂತ ಎಬ್ಬಿಸಿದಳು. ಕಳ್ಳ ನಮ್ಮ ದೊಡ್ಡಪ್ಪ. ಅವನು ರಂಗದ ಮೇಲಿಂದ ಬರಲಿಲ್ಲ, ನಮ್ಮ ಬೆನ್ನ ಹಿಂದಿಂದ ಬಂದ. ಕಂಬಳಿ ಹೊದ್ದು, ಹೆಂಗಸರ ಸಾಲಿನ ನಡುವೆ ತೂರಿ, ಯಾರದ್ದೋ ಮಡಿಲಲ್ಲಿದ್ದ ಕಡ್ಲೆಕಾಯಿ ಪೊಟ್ಟಣ ಎತ್ಕೊಂಡು ತಿಂತಾ ತಿಂತಾ ಮೆಟ್ಟಿಲು ಹತ್ತಿದ. ಆಮೇಲೆ ನಾನು ಬೆಂಗಳೂರಲ್ಲಿ ಎಷ್ಟೋ ನಾಟಕ ನೋಡಿದ್ದೀನಿ. ನಿದ್ದೆಗಣ್ಣಲ್ಲಿ ಕಂಡ ಆ ಕಂಬಳಿಯ ಮುಂದೆ ಯಾವುದೂ ನಿಲ್ಲಲ್ಲ.

ಆದ್ರೆ ದೊಡ್ಡಪ್ಪನ ನೋಟ್‌ಬುಕ್ ತಂದು ಓದಿದೆ ನೋಡಿ, ಅಲ್ಲಿಂದ ತಲೆನೋವು ಶುರು. ಗೊತ್ತಿಲ್ಲದೋರಿಗೆ ಕಥೆ ಇಷ್ಟು: ರಾಜಕುಮಾರ ಜಯವೀರ ಒಬ್ಬ ವ್ಯಾಪಾರಿಯ ಮನೆ ಹುಡುಗಿ ಸದಾರಮೆಗೆ ಮನಸೋಲ್ತಾನೆ. ಅವಳ ಕಡೆಯವರು ಹೆಣ್ಣು ಬೇಕಿದ್ರೆ ರಾಜ್ಯ ಕೊಡು ಅಂತಾರೆ, ಈ ಪುಣ್ಯಾತ್ಮ ಕೊಟ್ಟೂ ಬಿಡ್ತಾನೆ. ಆಮೇಲೆ ಇಬ್ಬರೂ ಬೀದಿ ಪಾಲು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಕಳ್ಳ ಅವಳನ್ನ ಹೊತ್ಕೊಂಡು ಹೋಗ್ತಾನೆ, ಅವಳು ಉಪಾಯವಾಗಿ ತಪ್ಪಿಸ್ಕೊಂಡು ಗಂಡುವೇಷ ಹಾಕ್ತಾಳೆ.

ಕಳ್ಳನ ಸೀನು ಓದಿ ನಾನೊಬ್ಬನೇ ನಗ್ತಿದ್ದಾಗ ಮಗಳು ಪಕ್ಕದಲ್ಲಿದ್ದಳು, ಹನ್ನೊಂದು ವರ್ಷ. ‘ಅಪ್ಪಾ, ಅವಳನ್ನ ಎತ್ಕೊಂಡು ಹೋಗೋದು ಕಾಮಿಡಿನಾ?’ ಅಂದಳು. ನನ್ನ ಬಾಯಿ ಕಟ್ಟಿಹೋಯ್ತು.

ಇನ್ನೂ ಇದೆ. ಲೋಭಿ ವ್ಯಾಪಾರಿಯ ಮೇಲಿನ ಜೋಕುಗಳಲ್ಲಿ ಮುಕ್ಕಾಲು ಪಾಲು ಅವನ ಜಾತಿ ಮೇಲೆ. ಗಂಡನೇ ದೇವರು ಅನ್ನೋ ಪದ್ಯ ಒಂದಾದ ಮೇಲೊಂದು. ರಾತ್ರಿ ಒಂಬತ್ತಕ್ಕೆ ಶುರುವಾದ್ರೆ ಮುಗಿಯೋದು ಕೋಳಿ ಕೂಗಿದ ಮೇಲೆ.

ಪೂರ್ತಿ ಆಡೋದಾ, ಕತ್ತರಿಸಿ ಆಡೋದಾ, ಇಲ್ಲ ನೆನಪಲ್ಲೇ ಚೆನ್ನಾಗಿದೆ ಅಂತ ಬಿಡೋದಾ? ಬರೋ ಅಮಾವಾಸ್ಯೆ ಒಳಗೆ ಕಮಿಟಿಗೆ ಹೇಳ್ಬೇಕು.

---

ಶನಿವಾರದ ಶೋ:

ನಾನು ಬೆಂಗಳೂರಲ್ಲಿ ಹವ್ಯಾಸಿ ತಂಡದಲ್ಲಿದ್ದೀನಿ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಬೇಕಿರೋದು ಸದಾರಮೆ ಅಲ್ಲ, ನಿಮ್ಮ ದೊಡ್ಡಪ್ಪ.

ಹಳೇದನ್ನ ಹಾಗೇ ಇಡಬೇಕು ಅನ್ನೋದು ಕಂಪನಿ ನಾಟಕದವರ ಬುದ್ಧಿಯೇ ಅಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅಷ್ಟು ಕಾಲ ಬಾಳಿದ್ದು ಜನಕ್ಕೆ ಏನು ಬೇಕೋ ನೋಡಿ ನೋಡಿ ಬದಲಾಗಿದ್ದಕ್ಕೆ. ಆ ಕಂಪನಿಯ ಯಜಮಾನರು ಗುಬ್ಬಿ ವೀರಣ್ಣನವರು 1934ರಲ್ಲಿ ಕುರುಕ್ಷೇತ್ರಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಸದಾರಮೆಯೂ ಅಷ್ಟೆ, 1935ರಲ್ಲೇ ಟಾಕಿ ಆಯ್ತು, 1956ರಲ್ಲಿ ಇನ್ನೊಂದು ಸಲ ಸಿನಿಮಾ ಆಯ್ತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ಸ್ಪಂದನ ತಂಡದಿಂದ ಇದನ್ನ ಮತ್ತೆ ರಂಗಕ್ಕೆ ತಂದ್ರು. ಅಂದ್ರೆ ನಾಟಕ ಸತ್ತಿಲ್ಲ, ನೀವು ಬದುಕಿಸಬೇಕಾಗಿಲ್ಲ.

ಕಳ್ಳನ ಸೀನು ಒಂದನ್ನೇ ತಗೊಳ್ಳಿ, ನಲವತ್ತು ನಿಮಿಷ. ಆಮೇಲೆ ಬೇಕಿದ್ರೆ ಕುರುಕ್ಷೇತ್ರ ಮಾಡ್ಕೊಳ್ಳಿ, ಕಿರೀಟದವರಿಗೂ ಸಮಾಧಾನ.

---

ಕಾಲುಪೆಟ್ಟಿಗೆ:

ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು. ಐವತ್ತು ವರ್ಷದಿಂದ ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ಬಾರಿಸ್ತಾ ಬಂದಿದ್ದೇನೆ. ಈಗ ಎಪ್ಪತ್ತನಾಲ್ಕು. ಟೈಪು ಮಾಡ್ತಿರೋದು ಮೊಮ್ಮಗ, ತಪ್ಪಿದ್ದರೆ ಅವನದು.

ಮೇಲಿನವರು ನಲವತ್ತು ನಿಮಿಷ ಅಂದರು. ಆ ಸೀನು ಅಲ್ಲಿ ಯಾಕಿದೆ ಅಂತ ಸ್ವಲ್ಪ ಯೋಚಿಸಬೇಕು. ನಮ್ಮ ಸೀನರಿಯಲ್ಲಿ ಮುಂದೆ ರಸ್ತೆ ಪರದೆ, ಹಿಂದೆ ದರ್ಬಾರು, ಅರಮನೆ, ಕಾಡು. ರಸ್ತೆ ಪರದೆ ಬಿಟ್ಟು ಹಾಸ್ಯದವನನ್ನು ಮುಂದೆ ತಳ್ಳಿದರೆ ಹಿಂದೆ ಸಿಂಹಾಸನ ಎತ್ತಿ ಮರ ನಿಲ್ಲಿಸಬಹುದು. ಅಂದರೆ ಹಾಸ್ಯ ಬೆಳೆದದ್ದೇ ಪರದೆ ಎಳೆಯುವವರಿಗೆ ಪುರಸೊತ್ತು ಕೊಡೋದಕ್ಕೆ. ಹಿಂದಿನಿಂದ ‘ಇನ್ನೂ ಆಗಿಲ್ಲ, ಎಳಿ’ ಅಂತ ಪಿಸುಗುಟ್ಟಿದರೆ ಅವನು ಎಳೆಯಬೇಕು. ಆ ಸಂದಿಯಲ್ಲಿ ಹುಟ್ಟಿದ ಮಾತುಗಳು ಯಾವ ಪುಸ್ತಕದಲ್ಲೂ ಇಲ್ಲ. ವೀರಣ್ಣನವರಿಗೆ ಕಳ್ಳನ ಪಾರ್ಟು ಅಷ್ಟು ಹೆಸರು ತಂದದ್ದೂ ಬರೆದಿಟ್ಟ ಮಾತಿನಿಂದ ಮಾತ್ರ ಅಲ್ಲ. ಆದ್ದರಿಂದ ಜಾತಿಯ ಜೋಕು ಬೇಡವೆಂದರೆ ಬಿಡಿ. ನಿಮ್ಮ ನೋಟ್‌ಬುಕ್ಕಿನ ಜೋಕುಗಳನ್ನು ಸೇರಿಸಿದವರು ನಿಮ್ಮೂರವರೇ ಇರಬಹುದು. ಸೇರಿಸಿದ್ದನ್ನು ತೆಗೆಯೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನನ್ನ ಚಿಂತೆ ಬೇರೆ. ಸದಾರಮೆ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳ ಮಾತು ಅಚ್ಚಾಗಿದೆ, ಎಲ್ಲಿಯೂ ಓಡಿಹೋಗೋಲ್ಲ. ಹಾಡು? ಆ ಕಾಲದ ನಾಟಕದ ಪುಸ್ತಕ ತೆರೆದು ನೋಡಿ, ಪದ್ಯದ ನೆತ್ತಿಯ ಮೇಲೆ ರಾಗ, ತಾಳ, ‘ಇಂಥ ಹಾಡಿನ ಮಟ್ಟು’, ಅಂದರೆ ಆ ಹಾಡಿನ ಧಾಟಿಯಲ್ಲೇ ಹಾಡಿ ಅಂತ ಒಂದು ಸಾಲು. ಅಷ್ಟೆ. ಆಗ ಅದು ಸಾಕಾಗಿತ್ತು, ಆ ಹಾಡು ಎಲ್ಲರ ಬಾಯಲ್ಲಿತ್ತು. ಈಗ ಆ ಮೂಲದ ಹಾಡೇ ಯಾರಿಗೂ ಗೊತ್ತಿಲ್ಲ. ಕಂದಪದ್ಯವಾದರೆ ಮೋಹನದಲ್ಲೋ ಕಾಂಬೋಧಿಯಲ್ಲೋ ಹೇಗೋ ಎತ್ತಬಹುದು, ಈ ಮಟ್ಟಿನ ಹಾಡುಗಳಿಗೆ ಏನು ಮಾಡ್ತೀರಿ? ನನ್ನ ಗುರುಗಳಿಗೆ ಅಷ್ಟೂ ಬರ್ತಿತ್ತು. ನನಗೆ ಹತ್ತೊಂಬತ್ತು ಬರ್ತವೆ. ನನ್ನ ಹತ್ತಿರ ಕಲಿತ ಹುಡುಗ ಈಗ ಆರ್ಕೆಸ್ಟ್ರಾದಲ್ಲಿದ್ದಾನೆ, ಅವನಿಗೆ ನಾಲ್ಕು.

ಸದಾರಮೆ ಹಳೇದಾಯಿತೋ ಇಲ್ಲವೋ ಅಂತ ಆಮೇಲೆ ಕೂತು ವಾದ ಮಾಡೋಣ. ನಿಮ್ಮ ದೊಡ್ಡಪ್ಪ ಇದ್ದಾರೆಯೇ? ಅವರ ಜೊತೆ ಹಾಡಿದವರು ಯಾರಿದ್ದಾರೆ? ಮೊದಲು ಅದನ್ನು ಹೇಳಿ.

---

ಬಾಡಿಗೆ ಸದಾರಮೆ:

ಹೆಸರು ನೋಡಿದ್ರೇ ಗೊತ್ತಾಗುತ್ತೆ. ಊರವರು ಗಂಡು ಪಾರ್ಟು ಮಾಡ್ತಾರೆ, ಹೆಣ್ಣು ಪಾರ್ಟಿಗೆ ನಮ್ಮನ್ನ ಟೌನಿಂದ ಕರೆಸ್ತಾರೆ. ಇಪ್ಪತ್ತೇಳು ವರ್ಷ ಆಯ್ತು. ಸೋಮವಾರ ದ್ರೌಪದಿ, ಮಂಗಳವಾರ ರುಕ್ಮಿಣಿ, ಬುಧವಾರ ಸದಾರಮೆ ಅಂತ ತಿರುಗಿದ್ದೀನಿ.

ಅಣ್ಣಾ, ನಿಮ್ಮ ಮಗಳು ಕೇಳಿದ್ದು ಸರಿಯಾಗೇ ಇದೆ. ನಾನು ಆ ಸೀನನ್ನ ಎರಡು ಥರ ಆಡಿದ್ದೀನಿ. ಕೆಲವು ಊರಲ್ಲಿ ಕಳ್ಳನ ಪಾರ್ಟಿನವನು ಕುಡಿದು ಬಂದಿರ್ತಾನೆ, ಮುಂದೆ ಅವನ ಸ್ನೇಹಿತರು ಕೂತು ‘ಇನ್ನೂ ಎಳಿಯೋ’ ಅಂತಿರ್ತಾರೆ. ಅಂಥ ಕಡೆ ನಾನು ಸೆರಗಿಗೆ ಆರು ಪಿನ್ನು ಹಾಕ್ಕೊಂಡೇ ಹೋಗೋದು. ಅದು ಕಾಮಿಡಿ ಅಲ್ಲ. ನಾನು ಮನೇಲಿ ಮಗುವಿಗೂ ಹಾಗೇ ಹೇಳ್ತೀನಿ.

ಇನ್ನೊಂದು ಥರ ಇದೆ. ನನಗೆ ಕಲಿಸಿದ ಅಮ್ಮ ಕಂಪನಿಯಲ್ಲಿದ್ದೋರು. ಅವರು ಹೇಳೋರು, ‘ಆ ಸೀನಲ್ಲಿ ಕಳ್ಳ ನೀನು ಕಣೆ, ಅವನಲ್ಲ. ಅವನು ಕದ್ದಿದ್ದು ನಿನ್ನನ್ನ, ನೀನು ಕದಿಯೋದು ಅವನ ಬುದ್ಧೀನ.’ ಅಳೋ ಹಾಗೆ ಶುರು ಮಾಡಿ, ಮಧ್ಯದಲ್ಲಿ ಒಂದೇ ಒಂದು ಸಲ ಜನರ ಕಡೆ ನೋಡಬೇಕು. ಅಷ್ಟೇ. ಹೆಂಗಸರಿಗೆ ತಕ್ಷಣ ಗೊತ್ತಾಗುತ್ತೆ, ಇವಳು ಇವನನ್ನ ಆಟ ಆಡಿಸ್ತಿದ್ದಾಳೆ ಅಂತ. ಅಲ್ಲಿಂದ ನಗು ಪೂರ್ತಿ ಕಳ್ಳನ ಮೇಲೆ. ಆಮೇಲೆ ಗಂಡುವೇಷದಲ್ಲಿ ಬರ್ತೀನಲ್ಲ, ಅಜ್ಜಿಯರು ಶಿಳ್ಳೆ ಹೊಡೆದಿದ್ದಾರೆ ನನಗೆ!

ಆದ್ರೆ ಇದಕ್ಕೆ ತಾಲೀಮು ಬೇಕು. ನಮ್ಮನ್ನ ಸಾಯಂಕಾಲ ಆರಕ್ಕೆ ಬಸ್ಸಿಂದ ಇಳಿಸ್ಕೊಂಡು, ಏಳಕ್ಕೆ ಬಣ್ಣ ಹಚ್ಚಿಸಿ, ಕಳ್ಳ ಯಾರು ಅಂತ ರಂಗದ ಮೇಲೇ ಪರಿಚಯ ಮಾಡಿಸ್ತೀರಿ. ಕಿರೀಟದೋರು ಎರಡು ತಿಂಗಳು ಮೇಷ್ಟ್ರ ಹತ್ರ ಕಲೀತಾರೆ, ನಾವು ಕಾಫಿ ಕುಡಿಯೋ ಟೈಮಲ್ಲಿ ಸೀನು ಮಾತಾಡ್ಕೋಬೇಕು. ಕಮಿಟಿಗೆ ಹೇಳಿ: ಸದಾರಮೆ ಪಾರ್ಟಿಗೆ ಐದು ದಿನ ತಾಲೀಮು, ಐದು ದಿನದ ಸಂಬಳ. ಆಗ್ಲಿಲ್ಲ ಅಂದ್ರೆ ಕುರುಕ್ಷೇತ್ರವೇ ಮಾಡ್ಕೊಳ್ಳಿ. ದ್ರೌಪದಿಗೆ ಹೇಗೂ ಕೃಷ್ಣ ಇದ್ದಾನೆ.

---

ತಕ್ಕಡಿ:

ಚಿಕ್ಕ ಮಾತು. ನಮ್ಮದು ಅಂಗಡಿ ಮನೆತನ, ಊರು ಬೇರೆ. ನಮ್ಮಲ್ಲೂ ಸದಾರಮೆ ಆಗಿತ್ತು. ಲೋಭಿಯ ಸೀನಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಮುಂದಿನ ಕುರ್ಚಿಯಲ್ಲಿದ್ದ ನಮ್ಮ ತಾತ, ಚಂದಾ ಬರೆದವರೂ ಅವರೇ. ಮಾರನೇ ದಿನದಿಂದ ಸ್ಕೂಲಲ್ಲಿ ನನ್ನ ಹೆಸರು ಬದಲಾಯ್ತು, ಏಳನೇ ಕ್ಲಾಸು ಮುಗಿಯೋವರೆಗೂ. ತಾತನಿಗೆ ಅದು ಗೊತ್ತಾಗ್ಲೇ ಇಲ್ಲ, ನಾನೂ ಹೇಳಲಿಲ್ಲ.

ಲೋಭಿ ಇರಲಿ. ಅವನಿಲ್ಲದೆ ರಾಜ್ಯ ಕೇಳೋರು ಯಾರು? ಜಾತಿಯ ಹೆಸರು, ಆ ಮಾತಿನ ಧಾಟಿ ತೆಗೀರಿ. ಇವತ್ತು ನಿಮ್ಮ ಕಡೆ ಸೈಟು ಮಾರೋರ ಥರ ಮಾತಾಡಿಸಿ ನೋಡಿ, ಚಪ್ಪಾಳೆಗೇನೂ ಕಮ್ಮಿ ಆಗಲ್ಲ.

---

ಕಂಬಳಿಕಳ್ಳ:

ಎಲ್ಲಾ ಎರಡೆರಡು ಸಲ ಓದಿದೆ. ತಕ್ಕಡಿಯವರೇ, ನಮ್ಮೂರ ಅಂಗಡಿಯವರ ಮಗ ನನ್ನ ಕ್ಲಾಸ್‌ಮೇಟ್. 1996ರ ಜಾತ್ರೆ ಆದ ಮೇಲೆ ಅವನನ್ನ ನಾವು ಏನಂತ ಕರೀತಿದ್ವಿ ಅಂತ ಈಗ ನೆನಪಾಯ್ತು. ಇಷ್ಟೇ ಬರೀತೀನಿ.

ಅಕ್ಕಾ, ಐದು ದಿನದ ಸಂಬಳದ ಮಾತು ಕಮಿಟಿಯಲ್ಲಿ ಹೇಳಿದೆ. ಪ್ರೆಸಿಡೆಂಟ್ರು ‘ಆ ದುಡ್ಡಲ್ಲಿ ಇನ್ನೊಂದು ಲೈಟಿಂಗ್ ಸೆಟ್ ಬರುತ್ತೆ’ ಅಂದ್ರು. ಲೈಟು ನೋಡೋಕೆ ಯಾರು ಬರ್ತಾರೆ ಅಂತ ನಮ್ಮಮ್ಮ ಬಾಗಿಲ ಹಿಂದಿನಿಂದ ಅಂದಳು. ಮೀಟಿಂಗ್ ನಮ್ಮ ಜಗಲಿಯಲ್ಲೇ ಇತ್ತು. ಇನ್ನೂ ತೀರ್ಮಾನ ಆಗಿಲ್ಲ, ಆದ್ರೆ ಲೈಟಿಂಗ್ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಶನಿವಾರದ ಶೋ ಅವರೇ, ನನಗೆ ಬೇಕಿರೋದು ದೊಡ್ಡಪ್ಪ ಅಂದ್ರಲ್ಲ, ಒಪ್ಕೊಂಡೆ. ಅದಕ್ಕೇ ಅವನ ಹತ್ರ ಹೋದೆ. ಎಂಬತ್ತೊಂದು ವರ್ಷ, ಎಡಗಿವಿ ಪೂರ್ತಿ ಹೋಗಿದೆ. ಕಳ್ಳನ ಮಾತು ಹೇಳು ಅಂದ್ರೆ ಒಂದೂ ನೆನಪಿಲ್ಲ, ‘ಏನೋ ಬಾಯಿಗೆ ಬಂದಿದ್ದು ಹೇಳ್ತಿದ್ದೆ ಕಣೋ’ ಅಂದ. ಮೇಷ್ಟ್ರು ಬರೆದಿದ್ದು ಜ್ಞಾಪಕ ಬಂತು. ಫೋನ್ ರೆಕಾರ್ಡಿಂಗಿಗೆ ಇಟ್ಟು, ಬಲಗಿವಿ ಹತ್ರ ಒಂದು ಪದ್ಯದ ಮೊದಲ ಸಾಲು ಓದಿದೆ. ಸುಮ್ಮನಿದ್ದ. ಆಮೇಲೆ ತೊಡೆ ಮೇಲೆ ತಾಳ ಹಾಕಿ ಹಾಡೋಕೆ ಶುರು ಮಾಡಿದ. ಕಳ್ಳನದ್ದಲ್ಲ, ಸದಾರಮೆಯ ಪದ್ಯ. ಸೈಡ್ ವಿಂಗಲ್ಲಿ ನಿಂತು ಕೇಳಿ ಕೇಳಿ ಬಂದಿದ್ದಂತೆ. ಹನ್ನೊಂದು ಹಾಡು ಸಿಕ್ಕವು. ಮಗಳು ಎರಡನ್ನ ಆಗಲೇ ಗುನುಗ್ತಿದ್ದಾಳೆ, ಕಳ್ಳನ ವಿಷಯಕ್ಕೆ ನನ್ನ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ.

ಮೇಷ್ಟ್ರೇ, ನಿಮ್ಮ ಹತ್ತೊಂಬತ್ತರಲ್ಲಿ ಈ ಹನ್ನೊಂದು ಇವೆಯೋ ಇಲ್ಲವೋ ನೋಡಬೇಕು. ಈ ಭಾನುವಾರ ಬರಲಾ? ಹಾರ್ಮೋನಿಯಂ ಪೆಟ್ಟಿಗೆ ನಿಮ್ಮಲ್ಲಿದೆಯಾ, ದೇವಸ್ಥಾನದ್ದು ತರಲಾ?

---

ಕಾಲುಪೆಟ್ಟಿಗೆ:

ಪೆಟ್ಟಿಗೆ ಇದೆ. ಮಧ್ಯಮದ ಮನೆ ಒತ್ತಿದರೆ ಮೇಲೇಳೋಲ್ಲ, ಕಡ್ಡಿ ಸಿಕ್ಕಿಸಿದರೆ ನಡೆಯುತ್ತೆ. ನೀವು ದೊಡ್ಡಪ್ಪನವರನ್ನು ಕರ್ಕೊಂಡು ಬನ್ನಿ. ಬಲಗಿವಿ ನನ್ನ ಕಡೆ ಬರೋ ಹಾಗೆ ಕೂರಿಸೋಣ.