ಮಾಂಡೋವಿಯ ಕ್ಯಾಸಿನೊ ಹಡಗುಗಳು ಮತ್ತು ಪಣಜಿಯ ನದಿದಂಡೆ: ನಗರ ಯೋಜಕಿಯೊಂದಿಗೆ ಪ್ರಶ್ನೋತ್ತರ

ಈ ವಾರ ನಮ್ಮ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿದವರು ವೃತ್ತಿಯಿಂದ ನಗರ ಯೋಜಕಿ. ವಿಷಯ: ಗೋವಾದ ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತಿರುವ ಕ್ಯಾಸಿನೊ (ಜೂಜಿನ) ಹಡಗುಗಳ ವಿಸ್ತರಣೆ ಮತ್ತು ನದಿದಂಡೆಯ ಅಭಿವೃದ್ಧಿ. ಜೂಜು ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಬೇಡವೆಂದು ಅವರು ಮೊದಲೇ ಕೇಳಿಕೊಂಡಿದ್ದರು.

ಪ್ರಶ್ನೆ (ಬೆಳಗಾವಿಯಿಂದ): ರಜೆ ಸಿಕ್ಕಾಗಲೆಲ್ಲ ಪಣಜಿಗೆ ಹೋಗುವವರು ನಾವು. ಸಂಜೆ ದಯಾನಂದ ಬಾಂದೋಡ್ಕರ್ ಮಾರ್ಗದಲ್ಲಿ ಮಕ್ಕಳ ಕೈ ಹಿಡಿದು ನಡೆಯುವುದೇ ಕಷ್ಟವಾಗಿದೆ. ಹಡಗುಗಳಿರುವುದು ನದಿಯಲ್ಲಿ, ನೂಕುನುಗ್ಗಲು ರಸ್ತೆಯಲ್ಲಿ! ಇನ್ನೂ ದೊಡ್ಡ ಹಡಗುಗಳು ಬರುತ್ತವೆ ಎಂಬ ಮಾತೂ ಇದೆ. ಇದನ್ನೆಲ್ಲ ಲೆಕ್ಕ ಹಾಕುವವರು ಯಾರು?

ಉತ್ತರ: ಯಾರೂ ಅಲ್ಲ. ಕಾನೂನಿನ ಕಣ್ಣಿಗೆ ಹಡಗು ಕಟ್ಟಡವಲ್ಲ, ಹಾಗಾಗಿ ಲೆಕ್ಕ ಕೇಳುವ ಅಧಿಕಾರ ನಗರದ ಕೈಯಲ್ಲಿಲ್ಲ.

ಅದೇ ರಸ್ತೆಯ ಬದಿಯಲ್ಲಿ ಸಾವಿರ ಜನ ಸೇರುವ ಸಭಾಂಗಣ ಕಟ್ಟಲು ಹೊರಟಿದ್ದೀರಿ ಎಂದುಕೊಳ್ಳಿ. ಕಾರುಗಳು ಎಲ್ಲಿ ನಿಲ್ಲುತ್ತವೆ, ರಸ್ತೆಯ ಅಗಲ ಎಷ್ಟು, ಒಳಚರಂಡಿ ಯಾವ ಕೊಳವೆಗೆ ಸೇರುತ್ತದೆ, ಅಗ್ನಿಶಾಮಕ ವಾಹನ ಎಲ್ಲಿಂದ ಬರುತ್ತದೆ ಎಂದು ನನ್ನಂಥವರು ನಿಮ್ಮ ಜೀವ ಹಿಂಡುತ್ತಾರೆ. ಅಷ್ಟೇ ಜನ ಹಿಡಿಸುವ ಹಡಗನ್ನು ಎದುರಿನ ನೀರಿನಲ್ಲಿ ನಿಲ್ಲಿಸಿದರೆ ಕೇಳುವ ಪ್ರಶ್ನೆಗಳೇ ಬೇರೆ. ಹಡಗು ವಾಲದೆ ನಿಲ್ಲುತ್ತದೆಯೇ, ಜೀವರಕ್ಷಕ ಜಾಕೆಟ್‌ಗಳು ಸಾಕಷ್ಟಿವೆಯೇ, ಲಂಗರು ಹಾಕುವ ಜಾಗ ಯಾವುದು? ಪ್ರಯಾಣಿಕರ ಮಿತಿ ನಿಗದಿಯಾಗುವುದು ಇವುಗಳ ಮೇಲೆ. ದಡದ ರಸ್ತೆ ಎಷ್ಟು ಕಾರುಗಳನ್ನು ತಡೆದುಕೊಂಡೀತು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಶನಿವಾರ ರಾತ್ರಿ ಜೆಟ್ಟಿಯ ಬಳಿ ನಿಂತು ನೋಡಿ. ಜೆಟ್ಟಿಯ ಬಾಗಿಲಲ್ಲಿ ಟಿಕೆಟ್ ಮೇಜು, ಅದರ ಮುಂದೆ ಪಾದಚಾರಿ ಮಾರ್ಗವನ್ನೇ ನುಂಗಿದ ಸರತಿ ಸಾಲು, ಹತ್ತು ಹದಿನೈದು ನಿಮಿಷದ ನದಿಯಾನಕ್ಕೆ ಕಾಯುವ ಸಣ್ಣ ದೋಣಿಗಳು, ರಸ್ತೆಯ ಎರಡೂ ಬದಿ ಕೆಎ 22, ಕೆಎ 25 ಫಲಕದ ಕಾರುಗಳು. ಹೌದು, ಬೆಳಗಾವಿ, ಧಾರವಾಡದವೇ. ಹಡಗಿಗೆ ಬೇಕಾದುದೆಲ್ಲ ದಡದಲ್ಲಿದೆ; ಕಾನೂನು ಮಾತ್ರ ನೀರಿನತ್ತ ಮುಖ ಮಾಡಿ ಕುಳಿತಿದೆ.

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ಇಂಥ ಕಾನೂನನ್ನು ಏಕೆ ಮಾಡಿದರು?

ಉತ್ತರ: ಗೋವಾದ ಮೂಲ ಜೂಜು ಕಾಯ್ದೆ 1976ರದು, ಜೂಜು ತಡೆಯಲೆಂದೇ ಬಂದದ್ದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ಬಾಗಿಲು ತೆರೆಯಿತು. 1996ರ ತಿದ್ದುಪಡಿ ಇಸ್ಪೀಟು, ರೂಲೆಟ್‌ನಂಥ ಮೇಜಿನ ಆಟಗಳಿಗೆ ಅವಕಾಶ ಕೊಟ್ಟಿತು, ಆದರೆ ಹಡಗಿನಲ್ಲಿ ಮಾತ್ರ. ಜೂಜು ಊರಿನಿಂದ ದೂರ, ಸಮುದ್ರದಲ್ಲಿರಲಿ ಎಂಬ ಎಣಿಕೆ ಅದರ ಹಿಂದಿದ್ದಿರಬೇಕು. ಕಾಯ್ದೆಯ ಪದವೇ ‘ಆಫ್‌ಶೋರ್’, ಅಂದರೆ ದಡದಿಂದಾಚೆ, ಕಡಲಿನಲ್ಲಿ. ಆದರೆ ಮಾಂಡೋವಿಯ ಮುಖದಲ್ಲಿ ಅಗ್ವಾದದ ಮರಳು ದಿಬ್ಬವಿದೆ, ಮಳೆಗಾಲದಲ್ಲಿ ಅದನ್ನು ದಾಟುವುದು ಅಪಾಯ. 2017ರ ಜುಲೈನಲ್ಲಿ ಲಕ್ಕಿ ಸೆವೆನ್ ಎಂಬ ಕ್ಯಾಸಿನೊ ಹಡಗನ್ನು ಮಳೆಗಾಲದ ನಡುವೆಯೇ ಒಳತರಲು ಹೋಗಿ ಅದು ಮೀರಾಮಾರ್ ಕಡಲತೀರದಲ್ಲಿ ಸಿಕ್ಕಿಬಿತ್ತು. ಅದನ್ನು ಕದಲಿಸಲು ತಿಂಗಳುಗಳೇ ಹಿಡಿದವು. ಕಡಲಿನಲ್ಲಿ ವರ್ಷವಿಡೀ ವ್ಯಾಪಾರ ನಡೆಯದು ಎಂದಮೇಲೆ ಹಡಗುಗಳು ನದಿಯಲ್ಲೇ ಉಳಿದವು. ಈಗ ಅವು ನಿಂತಿರುವುದು ನಮ್ಮ ಬಿಜಾಪುರದ ಆದಿಲ್‌ಶಾಹಿ ಅರಸರ ಅರಮನೆಯ ಮುಂದೆ. ಅಂದರೆ ಹಳೆಯ ಸಚಿವಾಲಯದ ಎದುರು, ಊರಿನ ಹೆಬ್ಬಾಗಿಲಲ್ಲಿ.

ಪ್ರಶ್ನೆ (ಪಣಜಿಯಲ್ಲಿ ನೆಲೆಸಿರುವ ಧಾರವಾಡದ ಸದಸ್ಯೆ): ಇಷ್ಟು ಕೋಟಿಗಳ ವ್ಯವಹಾರದಲ್ಲಿ ನಮ್ಮ ಊರಿಗೆ ಎಷ್ಟು ಬರುತ್ತದೆ? ನನ್ನ ಬಾಡಿಗೆಯಂತೂ ಏರುತ್ತಲೇ ಇದೆ.

ಉತ್ತರ: ಜೂಜು ಸಂವಿಧಾನದ ರಾಜ್ಯ ಪಟ್ಟಿಯ ವಿಷಯ, ಪರವಾನಗಿ ಶುಲ್ಕ ರಾಜ್ಯದ ಬೊಕ್ಕಸಕ್ಕೆ. ಜಿಎಸ್‌ಟಿ 2023ರ ಅಕ್ಟೋಬರ್ 1ರಿಂದ ಚಿಪ್‌ನ (ಹಣ ಕೊಟ್ಟು ಕೊಳ್ಳುವ ಆಟದ ಬಿಲ್ಲೆಯ) ಪೂರ್ಣ ಮುಖಬೆಲೆಯ ಮೇಲೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ಅಂದರೆ 10,000 ರೂಪಾಯಿಯ ಚಿಪ್‌ಗೆ 4,000 ತೆರಿಗೆ, ಗೆದ್ದರೂ ಸೋತರೂ. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಕಸ ಎತ್ತುವ, ಬೀದಿ ಗುಡಿಸುವ ಪಾಲಿಕೆಗೆ ಇದರಲ್ಲಿ ನೇರ ಪಾಲು ಇಲ್ಲ. ದಡದ ಕಚೇರಿಗಳ ವ್ಯಾಪಾರ ಪರವಾನಗಿ, ಜಾಹೀರಾತು ಫಲಕದ ಶುಲ್ಕ ಇಂಥವಕ್ಕೆ ಅದು ಕೈ ಚಾಚಬೇಕು. 2011ರ ಜನಗಣತಿಯಂತೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 40,000. ಇಷ್ಟು ಸಣ್ಣ ಊರು ಇಡೀ ದೇಶದ ವಾರಾಂತ್ಯವನ್ನು ಹೊರುತ್ತಿದೆ.

ಬೇರೆ ದಾರಿಯೂ ಇದೆ. ಅಮೆರಿಕದ ಅಯೋವಾ ರಾಜ್ಯ 1991ರಲ್ಲಿ ಮಿಸಿಸಿಪ್ಪಿ ನದಿಯ ದೋಣಿಗಳಲ್ಲಿ ಕ್ಯಾಸಿನೊ ಆರಂಭಿಸಿದಾಗ ಒಂದು ಬಾಜಿಗೆ 5 ಡಾಲರ್, ಒಂದು ಯಾನದಲ್ಲಿ 200 ಡಾಲರ್ ನಷ್ಟ ಎಂಬ ಮಿತಿ ಹಾಕಿತ್ತು. ವ್ಯಾಪಾರದ ಒತ್ತಡಕ್ಕೆ ಆ ಮಿತಿಗಳು ಮೂರೇ ವರ್ಷದಲ್ಲಿ ಹೋದವು. ಉಳಿದದ್ದು ಇನ್ನೊಂದು ಷರತ್ತು: ಪರವಾನಗಿಯಲ್ಲಿ ಲಾಭರಹಿತ ಸಂಸ್ಥೆಯೊಂದು ಇರಲೇಬೇಕು, ವರಮಾನದ ಒಂದು ಪಾಲು ಸ್ಥಳೀಯ ಕೆಲಸಗಳಿಗೆ ಹೋಗಬೇಕು. ಆ ರಾಜ್ಯದ ಡಬ್ಯೂಕ್ ಸುಮಾರು 60,000 ಜನರ ನದಿದಂಡೆಯ ಊರು. ಅಲ್ಲಿನ ಕ್ಯೂ ಕ್ಯಾಸಿನೊ ನಿಂತಿರುವುದು ನಗರದ ಒಡೆತನದ ದ್ವೀಪದಲ್ಲಿ. 1985ರಲ್ಲಿ ನಾಯಿ ಓಟದ ಮೈದಾನವಾಗಿ ಶುರುವಾದ ಜಾಗ. ನಗರ ಅಲ್ಲಿ ಭೂಮಾಲೀಕ. ಹೋಟೆಲ್ ವಿಸ್ತರಿಸಬೇಕೆಂದರೂ ಗುತ್ತಿಗೆ ಪತ್ರ ಹಿಡಿದುಕೊಂಡು ನಗರಸಭೆಯ ಮುಂದೆ ಬರಬೇಕು. ಆಟ ಎರಡೂ ಕಡೆ ಒಂದೇ, ಪಣಜಿಗೆ ಆ ಹಿಡಿತವಿಲ್ಲ.

ನಿಮ್ಮ ಬಾಡಿಗೆಗೆ ಕ್ಯಾಸಿನೊ ಒಂದೇ ಕಾರಣವಲ್ಲ. ರಜೆಯ ಮನೆಗಳು, ದಿನಬಾಡಿಗೆಯ ಫ್ಲ್ಯಾಟುಗಳು ಅದಕ್ಕಿಂತ ದೊಡ್ಡ ಕಾರಣವೆಂದು ನನ್ನ ಅಂದಾಜು.

ಪ್ರಶ್ನೆ (ಹುಬ್ಬಳ್ಳಿಯಿಂದ): ನಗರ ಯೋಜಕರಿಗೆ ಬೇಡ ಎನ್ನುವುದೇ ಕೆಲಸ. ನನ್ನ ತಮ್ಮ ಅಲ್ಲೇ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಾನೆ. ಮುಚ್ಚಿದರೆ ಅವನ ಗತಿ?

ಉತ್ತರ: ಮುಚ್ಚಿ ಎಂದು ನಾನು ಎಲ್ಲೂ ಹೇಳಿಲ್ಲ. ಆದರೆ ನಿಮ್ಮ ತಮ್ಮನ ಕೆಲಸಕ್ಕೆ ನಿಜವಾದ ಕುತ್ತು ಬಂದಿರುವುದು ‘ತಾತ್ಕಾಲಿಕ’ ಎಂಬ ಹಣೆಪಟ್ಟಿಯಿಂದ. ವಿರೋಧ ಪಕ್ಷದಲ್ಲಿದ್ದಾಗ ಹಡಗುಗಳನ್ನು ಓಡಿಸುತ್ತೇವೆ ಎಂದವರು ಅಧಿಕಾರಕ್ಕೆ ಬಂದಮೇಲೆ ಅವಧಿ ವಿಸ್ತರಿಸುತ್ತಾರೆ. ಗೋವಾ ಸಚಿವ ಸಂಪುಟ ಹಡಗುಗಳಿಗೆ ಮಾಂಡೋವಿಯಲ್ಲೇ ಇರಲು ಎಷ್ಟೋ ಸಲ ಆರಾರು ತಿಂಗಳಂತೆ ಒಪ್ಪಿಗೆ ಕೊಟ್ಟಿದೆ. ಆರು ತಿಂಗಳ ಅತಿಥಿಗೆ ಯಾರು ಪಾರ್ಕಿಂಗ್ ಕಟ್ಟುತ್ತಾರೆ? ಊರ ಹೊರಗೆ ಕಾರು ನಿಲ್ಲಿಸಿ ಬಸ್ಸಿನಲ್ಲಿ ಬರುವ ವ್ಯವಸ್ಥೆ, ಸಿಬ್ಬಂದಿಗೆ ವಸತಿ, ರಾತ್ರಿ ಪಾಳಿ ಮುಗಿಸಿದವರಿಗೆ ಸಾರಿಗೆ, ಇವುಗಳಲ್ಲಿ ಒಂದಕ್ಕೂ ಹಣ ಹೂಡುವವರಿಲ್ಲ. ಇಪ್ಪತ್ತು ವರ್ಷ ದಾಟಿದ ತಾತ್ಕಾಲಿಕ ಇದು.

ಪ್ರಶ್ನೆ (ಶಿರಸಿಯಿಂದ): ಗೋವಾದವರಿಗೇ ಪ್ರವೇಶವಿಲ್ಲವಂತೆ, ನಿಜವೇ?

ಉತ್ತರ: ಆಟ ನಡೆಯುವ ಜಾಗಕ್ಕೆ ಇಲ್ಲ, 2020ರ ಫೆಬ್ರುವರಿ 1ರಿಂದ. ಕೆಲಸಕ್ಕಿರುವವರು ಹೋಗಬಹುದು.

ಪ್ರಶ್ನೆ (ಬೆಂಗಳೂರಿನಿಂದ): ಎಲ್ಲವನ್ನೂ ನೆಲದ ಮೇಲೆ ತಂದು ಒಂದು ದೊಡ್ಡ ರೆಸಾರ್ಟ್ ಮಾಡಿದರೆ ನದಿ ಖಾಲಿಯಾಗುತ್ತದಲ್ಲ? ಮೋಪಾ ವಿಮಾನ ನಿಲ್ದಾಣವೂ ಬಂದಾಗಿದೆ.

ಉತ್ತರ: ಪ್ರಪಂಚದ ಅನುಭವ ಆ ಕಡೆಗೇ ಇದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲೂ ಕ್ಯಾಸಿನೊಗಳು ನೀರಿನ ಮೇಲೇ ಇರಬೇಕಿತ್ತು. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಬಿಲೋಕ್ಸಿಯ ಕ್ಯಾಸಿನೊ ನಾವೆಗಳನ್ನು ಎತ್ತಿ ದಡದ ಮೇಲೆ ಒಗೆಯಿತು. ಅದೇ ವರ್ಷ ಕಾನೂನು ತಿದ್ದಿ, ತೀರದಿಂದ 800 ಅಡಿಯೊಳಗೆ ನೆಲದ ಮೇಲೆ ಕಟ್ಟಬಹುದು ಎಂದರು. ಇಂಡಿಯಾನಾ ರಾಜ್ಯದ ಎವನ್ಸ್‌ವಿಲ್‌ನಲ್ಲಿ ಓಹಾಯೊ ನದಿಯ ಹಡಗಿನಲ್ಲಿದ್ದ ಕ್ಯಾಸಿನೊ 2017ರಲ್ಲಿ ದಡಕ್ಕೆ ಬಂತು. ಯೋಜಕಿಯಾಗಿ ನನಗೂ ನೆಲವೇ ಇಷ್ಟ. ನೆಲದ ಮೇಲೆ ನಿಯಮ ಅನ್ವಯಿಸುತ್ತದೆ, ತೆರಿಗೆ ಹಾಕಬಹುದು, ತಪ್ಪಿದರೆ ಬೀಗ ಜಡಿಯಬಹುದು.

ಆದರೆ ಯಾರ ನೆಲ? ಮೋಪಾಕ್ಕೆ ಹತ್ತಿರ, ಪೆರ್ನೆಂ ತಾಲ್ಲೂಕಿನ ಧಾರ್ಗಳದಲ್ಲಿ ಕ್ಯಾಸಿನೊ ಕಂಪನಿ ಡೆಲ್ಟಾ ಕಾರ್ಪ್ ದೊಡ್ಡ ರೆಸಾರ್ಟ್ ಯೋಜನೆ ಮುಂದಿಟ್ಟಾಗ, ತಿಳಾರಿ ನೀರಾವರಿಯ ಅಚ್ಚುಕಟ್ಟು ಜಮೀನು ಅದಕ್ಕೆ ಹೋಗುತ್ತದೆ ಎಂದೇ ಜನ ವಿರೋಧಿಸಿದರು. ಕಾಲುವೆ ತೋಡಲು ಸಾರ್ವಜನಿಕ ಹಣ ಸುರಿದ ಗದ್ದೆಯನ್ನು ವಿಹಾರಧಾಮಕ್ಕೆ ಬಿಡುವುದು ನನಗೂ ಒಪ್ಪಿಗೆಯಿಲ್ಲ. ಇನ್ನು, ಮೇಜಿನ ಆಟ ನೆಲದ ಮೇಲೆ ಬರಬೇಕಾದರೆ ಕಾಯ್ದೆಯೇ ಬದಲಾಗಬೇಕು. ಆಗ ಹಡಗುಗಳೂ ಇರಲಿ, ರೆಸಾರ್ಟೂ ಬರಲಿ ಎಂಬ ಸ್ಥಿತಿಯಾದರೆ ಪಣಜಿಗೆ ಗಿಟ್ಟುವುದು ಏನೂ ಇಲ್ಲ. ಹೊಸ ಪರವಾನಗಿಯ ಮೊದಲ ಷರತ್ತೇ ಹಳೆಯ ಲಂಗರು ಎತ್ತುವುದಾಗಬೇಕು, ದಿನಾಂಕ ಸಮೇತ.

ಪ್ರಶ್ನೆ (ಖಾನಾಪುರದಿಂದ): ನಮ್ಮ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ. ಹಡಗುಗಳು ಹೋದರೆ ನದಿ ಶುದ್ಧವಾಗುತ್ತದೆಯೇ?

ಉತ್ತರ: ಅಷ್ಟು ಸುಲಭವಿದ್ದಿದ್ದರೆ! ಊರಿನ ಸಾಂತ ಇನೆಜ್ ತೋಡನ್ನು ಒಮ್ಮೆ ನೋಡಿ, ಮನೆ ಹೋಟೆಲುಗಳ ಕೊಳೆ ಹೊತ್ತು ಕಾಂಪಾಲ್ ಬಳಿ ನದಿಗೆ ಬೀಳುತ್ತದೆ. ಹಡಗುಗಳ ಕೊಳಚೆಯನ್ನು ತೊಟ್ಟಿಯಲ್ಲಿ ಶೇಖರಿಸಿ ದಡಕ್ಕೆ ಸಾಗಿಸಬೇಕು, ಅದರ ಮೇಲೆ ನಿಗಾ ಬೇಕು, ಸರಿ. ಆದರೆ ಎಲ್ಲ ಪಾಪವನ್ನೂ ದೀಪ ಹಚ್ಚಿಕೊಂಡು ಎದುರಿಗೆ ನಿಂತವರ ತಲೆಗೆ ಕಟ್ಟಿದರೆ ತೋಡು ಶುದ್ಧವಾಗುವುದಿಲ್ಲ.

ಪ್ರಶ್ನೆ (ಮಂಗಳೂರಿನಿಂದ): ನೇತ್ರಾವತಿ ದಡದಲ್ಲಿ ನಮಗೂ ಸ್ಮಾರ್ಟ್ ಸಿಟಿಯ ವಿಹಾರ ಪಥ ಬಂದಿದೆ. ನಾಳೆ ಇಲ್ಲಿಗೂ ಹಡಗು ಬಂದರೆ?

ಉತ್ತರ: ಕ್ಯಾಸಿನೊ ಸದ್ಯಕ್ಕೆ ಬರುವುದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಜೂಜುಕಟ್ಟೆ ನಡೆಸುವುದೇ ಅಪರಾಧ. ತೇಲುವ ರೆಸ್ಟೋರೆಂಟ್, ತೇಲುವ ಸಭಾಂಗಣ ಬರಬಹುದು, ಅವುಗಳ ಕಥೆಯೂ ಇದೇ. ಯೋಜನಾ ವರದಿ ಕೈಗೆ ಸಿಕ್ಕರೆ ಬಣ್ಣದ ಚಿತ್ರಗಳನ್ನು ಬಿಟ್ಟು ಜೆಟ್ಟಿಯ ಪುಟಕ್ಕೆ ಹೋಗಿ. ಜೆಟ್ಟಿ ಯಾರ ಹೆಸರಿನಲ್ಲಿದೆ, ಗುತ್ತಿಗೆ ಎಷ್ಟು ವರ್ಷಕ್ಕೆ, ಅಲ್ಲಿ ಕಟ್ಟುವ ದೋಣಿಗೆ ಪ್ರಯಾಣಿಕರ ಮಿತಿ ಇದೆಯೇ ನೋಡಿ. ದಡದ ನಿರ್ಮಾಣಗಳಿಗೆ ಮಿತಿ ಹಾಕುವ 2011ರ ಕರಾವಳಿ ನಿಯಂತ್ರಣ ಅಧಿಸೂಚನೆ ಉಬ್ಬರವಿಳಿತದ ನದಿಗಳ ದಡದಲ್ಲಿ 100 ಮೀಟರ್ ವರೆಗೆ ಅನ್ವಯಿಸುತ್ತಿತ್ತು, 2019ರದು ಅದನ್ನು 50ಕ್ಕೆ ಇಳಿಸಿತು. ನದಿ ಅದಕ್ಕಿಂತ ಕಿರಿದಾಗಿದ್ದರೆ ಅದರ ಅಗಲವೇ ಮಿತಿ. ನಿಮ್ಮ ನಕ್ಷೆ ಯಾವ ಅಧಿಸೂಚನೆಯ ಪ್ರಕಾರ ತಯಾರಾಗಿದೆ ಎಂದು ಲಿಖಿತವಾಗಿ ಕೇಳಿ. ಆಕ್ಷೇಪಣೆಗೆ ಕೊಟ್ಟ ಅವಧಿ ಮುಗಿಯುವ ಮೊದಲು ಕೇಳಿ.